ಕಾರಿನಲ್ಲಿ ಆಟೋ ಹೈ ಬೀಮ್ ಇದ್ದರೆ ನಾವು ಡಿಪ್ ಮಾಡುವುದೇ ಬೇಡವೇ?

ಹೊಸ ಕಾರು ಕೊಂಡವರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಮಾತು ಓಡಾಡುತ್ತವೆ. ಆಟೋ ಹೈ ಬೀಮ್ ಇರುವ ಕಾರು ತೆಗೆದುಕೊಂಡರೆ ರಾತ್ರಿ ಲೈಟಿನ ಚಿಂತೆಯೇ ಬೇಡ, ಎದುರಿಗೆ ಯಾರು ಬಂದರೂ ಕಾರೇ ಡಿಪ್ ಮಾಡುತ್ತದೆ ಎನ್ನುವುದು ಒಂದು. ಅದು ನಮ್ಮ ರಸ್ತೆಗೆ ಆಗಿಬರುವುದಿಲ್ಲ, ಶೋರೂಮಿನಿಂದ ಹೊರಬಂದ ದಿನವೇ ಆಫ್ ಮಾಡಿಬಿಡಿ ಎನ್ನುವುದು ಇನ್ನೊಂದು. ಯಾವುದನ್ನು ನಂಬಬೇಕು?

ಚುಟುಕಾಗಿ ಹೇಳುವುದಾದರೆ: ಎರಡೂ ಅರ್ಧ ಸತ್ಯ. ಕತ್ತಲೆಯ ಹೆದ್ದಾರಿಯಲ್ಲಿ ಈ ಸೌಲಭ್ಯ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಅದು ಹುಡುಕುವುದು ಬೇರೆ ವಾಹನಗಳ ಲೈಟನ್ನು, ಮನುಷ್ಯರನ್ನಲ್ಲ. ಲೈಟ್ ಇಲ್ಲದ ಎತ್ತಿನ ಗಾಡಿ, ಸೈಕಲ್, ನಡೆದು ಹೋಗುವವರು ಅದರ ಲೆಕ್ಕಕ್ಕೆ ಸಾಮಾನ್ಯವಾಗಿ ಬರುವುದೇ ಇಲ್ಲ. ಹಾಗಾಗಿ ಆಟೋ ಆನ್ ಇದ್ದರೂ ಡಿಪ್ ಮಾಡುವ ಜವಾಬ್ದಾರಿ ಚಾಲಕರದ್ದೇ.

ಏಕೆ, ಹೇಗೆ ಎನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲು ಹೆಸರುಗಳ ಗೊಂದಲ ಬಿಡಿಸೋಣ

ಫಾರ್ವರ್ಡ್‌ಗಳಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ.

ಒಂದು, ಬೈಕು ಮತ್ತು ಸ್ಕೂಟರ್‌ಗಳಲ್ಲಿ ಹಗಲಲ್ಲೂ ಉರಿಯುವ ಹೆಡ್‌ಲೈಟ್. 2017ರ ಏಪ್ರಿಲ್‌ನಿಂದ ಮಾರಾಟವಾಗುವ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಶುರುವಾದರೆ ಲೈಟ್ ತಾನಾಗಿಯೇ ಹೊತ್ತಿಕೊಳ್ಳುವ ವ್ಯವಸ್ಥೆ ಕಡ್ಡಾಯವಾಗಿದೆ. ಎದುರಿನವರಿಗೆ ಬೈಕು ಬೇಗ ಕಾಣಲಿ ಎನ್ನುವುದು ಇದರ ಉದ್ದೇಶ. ಹೈ ಬೀಮ್‌ಗೂ ಇದಕ್ಕೂ ಸಂಬಂಧವಿಲ್ಲ.

ಎರಡು, ಕಾರಿನ ಆಟೋ ಹೆಡ್‌ಲೈಟ್. ಕತ್ತಲಾದಾಗ ಅಥವಾ ಸುರಂಗದೊಳಗೆ ಹೋದಾಗ ಲೈಟನ್ನು ತಾನೇ ಹಾಕುತ್ತದೆ, ಬೆಳಕು ಬಂದಾಗ ಆರಿಸುತ್ತದೆ. ಇದು ಡಿಮ್-ಡಿಪ್ ಮಾಡುವುದಿಲ್ಲ.

ಮೂರು, ಆಟೋ ಹೈ ಬೀಮ್. ಕೆಲವು ಕಂಪನಿಗಳು ಇದನ್ನೇ ಹೈ ಬೀಮ್ ಅಸಿಸ್ಟ್ ಎನ್ನುತ್ತವೆ. ರಸ್ತೆ ಖಾಲಿ ಇದ್ದಾಗ ಹೈ ಬೀಮ್ ಹಾಕಿ, ಎದುರಿಗೆ ಅಥವಾ ಮುಂದೆ ವಾಹನ ಕಂಡಾಗ ಲೋ ಬೀಮ್‌ಗೆ ಇಳಿಸುತ್ತದೆ. ಹಿಂದೆ ದುಬಾರಿ ಕಾರುಗಳಲ್ಲಿ ಮಾತ್ರ ಇದ್ದ ಈ ಸೌಲಭ್ಯ ಮಹೀಂದ್ರ ಎಕ್ಸ್‌ಯುವಿ700, ಹೋಂಡಾ ಸಿಟಿ, ಹ್ಯುಂಡೈ ಕ್ರೆಟಾದಂಥ ಕಾರುಗಳ ಮೇಲಿನ ಮಾದರಿಗಳಿಗೂ ಇಳಿದು ಬಂದಿದೆ. ಈ ಲೇಖನ ಇದರ ಬಗ್ಗೆ.

ನಿಮ್ಮ ಕಾರಿನಲ್ಲಿ ಯಾವುದಿದೆ ಎಂದು ಖಚಿತವಿಲ್ಲದಿದ್ದರೆ ಮೀಟರ್ ಬೋರ್ಡ್ ನೋಡಿ. ಹೈ ಬೀಮ್ ಉರಿಯುತ್ತಿದ್ದರೆ ನೀಲಿ ಬಣ್ಣದ ಲೈಟಿನ ಚಿಹ್ನೆ ಕಾಣುತ್ತದೆ. ಆಟೋ ಹೈ ಬೀಮ್ ಚಾಲೂ ಇದ್ದರೆ ಲೈಟಿನ ಚಿಹ್ನೆಯ ಜೊತೆ ಸಾಮಾನ್ಯವಾಗಿ ‘ಎ’ ಅಕ್ಷರ ಇರುತ್ತದೆ. ಬರೀ ನೀಲಿ ಚಿಹ್ನೆ ಇದ್ದು ‘ಎ’ ಇಲ್ಲದಿದ್ದರೆ ನೀವು ಕೈಯಿಂದಲೇ ಹೈ ಬೀಮ್ ಹಾಕಿದ್ದೀರಿ, ಕಾರು ಅದನ್ನು ಇಳಿಸುವುದಿಲ್ಲ. ಆಟೋ ಇದೆ ಎಂದುಕೊಂಡು ಊರೆಲ್ಲ ಹೈ ಬೀಮ್‌ನಲ್ಲೇ ಸುತ್ತುವುದು ಹೀಗೆ.

ಹೈ ಬೀಮ್ ಬೇಕಾದರೂ ಏಕೆ?

ಲೋ ಬೀಮ್‌ನ ಬೆಳಕು ತುಸು ಕೆಳಗೆ ಬಾಗಿ ರಸ್ತೆಗೆ ಬೀಳುತ್ತದೆ. ಚಾಲಕರಿಗೆ ಉಪಯೋಗವಾಗುವಂತೆ ಸುಮಾರು 50ರಿಂದ 60 ಮೀಟರ್ ದೂರ ಕಾಣುತ್ತದೆ ಎಂದಿಟ್ಟುಕೊಳ್ಳಿ. ಹೈ ಬೀಮ್ ನೇರವಾಗಿ ಹೋಗುವುದರಿಂದ ನೂರು ಮೀಟರ್ ದಾಟಿಯೂ ಕಾಣುತ್ತದೆ.

ಈಗ ವೇಗದ ಲೆಕ್ಕ ನೋಡಿ. ಎದುರಿಗೆ ಏನೋ ಇದೆ ಎಂದು ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸುಮಾರು ಒಂದೂವರೆ ಸೆಕೆಂಡ್ ಕಳೆಯುತ್ತದೆ. ಒಣ ರಸ್ತೆ, ಒಳ್ಳೆಯ ಟೈರು, ಜೋರಾಗಿ ಬ್ರೇಕ್ ಹಾಕಿದರೆ ಕಾರು ಪೂರ್ತಿ ನಿಲ್ಲಲು ಬೇಕಾಗುವ ದೂರ ಅಂದಾಜು ಹೀಗಿದೆ:

- ಗಂಟೆಗೆ 60 ಕಿ.ಮೀ. ವೇಗದಲ್ಲಿ 45 ಮೀಟರ್
- ಗಂಟೆಗೆ 80 ಕಿ.ಮೀ. ವೇಗದಲ್ಲಿ 70 ಮೀಟರ್
- ಗಂಟೆಗೆ 100 ಕಿ.ಮೀ. ವೇಗದಲ್ಲಿ 97 ಮೀಟರ್

ಅಂದರೆ ಲೋ ಬೀಮ್‌ನಲ್ಲಿ 80ರ ವೇಗದಲ್ಲಿ ಹೋಗುವವರು ತಮಗೆ ಕಾಣದ ರಸ್ತೆಯೊಳಗೆ ಕಾರು ನುಗ್ಗಿಸುತ್ತಿದ್ದಾರೆ. ಕಂಡ ಮೇಲೆ ಬ್ರೇಕ್ ಹಾಕಿದರೂ ಕಾರು ನಿಲ್ಲುವುದು ಆ ವಸ್ತುವನ್ನು ದಾಟಿದ ಮೇಲೆ. ಮಳೆ ಬಿದ್ದ ರಸ್ತೆಯಾದರೆ ಇನ್ನೂ ಮುಂದೆ. ಬೀದಿ ದೀಪವಿಲ್ಲದ, ಖಾಲಿ ಹೆದ್ದಾರಿಯಲ್ಲಿ ಹೈ ಬೀಮ್ ಹಾಕುವುದು ತಪ್ಪಲ್ಲ, ಅದು ಇರುವುದೇ ಅದಕ್ಕೆ.

ಎದುರಿನವರ ಕಣ್ಣಿಗೆ ಏನಾಗುತ್ತದೆ?

ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ. ಅದರ ಮೇಲೆ ಹೈ ಬೀಮ್ ಬಿದ್ದಾಗ ಎರಡು ಸಂಗತಿ ನಡೆಯುತ್ತವೆ. ಕಣ್ಣೊಳಗಿನ ಮಸೂರದಲ್ಲಿ ಬೆಳಕು ಚದುರಿ, ನೋಟದ ಮೇಲೆ ಬಿಳಿ ಪರದೆ ಎಳೆದಂತಾಗುತ್ತದೆ. ಜೊತೆಗೆ, ಮಂದ ಬೆಳಕಿಗೆ ಹೊಂದಿಕೊಂಡಿದ್ದ ಅಕ್ಷಿಪಟ ಆ ಹೊಂದಾಣಿಕೆಯನ್ನು ಕಳೆದುಕೊಳ್ಳುತ್ತದೆ. ಬೆಳಕು ಬಿದ್ದಾಗ ಪಾಪೆ ಕ್ಷಣಾರ್ಧದಲ್ಲಿ ಕಿರಿದಾಗುತ್ತದೆ, ಆದರೆ ಬೆಳಕು ದಾಟಿ ಹೋದ ಮೇಲೆ ಮತ್ತೆ ಅಗಲವಾಗಲು ಹೊತ್ತು ಬೇಕು.

ಆ ಹೊತ್ತಿನಲ್ಲಿ ವಾಹನ ನಿಂತಿರುವುದಿಲ್ಲ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಮೂರು ಸೆಕೆಂಡ್ ಕಣ್ಣು ಕತ್ತಲಿಟ್ಟರೆ 50 ಮೀಟರ್ ರಸ್ತೆಯನ್ನು ಕುರುಡಾಗಿ ದಾಟಿದಂತೆ.

ವಯಸ್ಸಾದಂತೆ ಮಸೂರದಲ್ಲಿ ಬೆಳಕು ಚದುರುವುದು ಹೆಚ್ಚುತ್ತದೆ. ಕಣ್ಣಿನ ಪೊರೆ ಶುರುವಾಗಿದ್ದವರಿಗಂತೂ ಎದುರಿನ ಲೈಟಿನ ಸುತ್ತ ದೊಡ್ಡ ಪ್ರಭಾವಳಿ ಕಾಣುತ್ತದೆ. ರಾತ್ರಿ ಗಾಡಿ ಓಡಿಸಲು ಆಗುತ್ತಿಲ್ಲ ಎಂದು ಮನೆಯ ಹಿರಿಯರು ಹೇಳಿದರೆ ಎಲ್ಲ ತಪ್ಪನ್ನೂ ಎದುರಿನ ಲಾರಿಯ ಮೇಲೆ ಹಾಕಬೇಡಿ, ಒಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಿ.

ಎಲ್ಲಕ್ಕಿಂತ ಅಪಾಯದ ಸನ್ನಿವೇಶ ಇನ್ನೊಂದಿದೆ. ಎದುರುಬದುರಾಗಿ ಎರಡು ವಾಹನಗಳು ಹೈ ಬೀಮ್ ಹಾಕಿಕೊಂಡು ಬರುತ್ತಿವೆ, ನಡುವೆ ಒಬ್ಬರು ರಸ್ತೆ ದಾಟುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಎರಡೂ ಕಡೆಯ ಬೆಳಕು ಮೈಮೇಲೆ ಬೀಳುತ್ತಿರುವುದರಿಂದ ಅವರು ತಾವು ಚೆನ್ನಾಗಿ ಕಾಣುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಆದರೆ ಇಬ್ಬರು ಚಾಲಕರ ಕಣ್ಣೂ ಎದುರಿನ ಬೆಳಕಿಗೆ ಕೋರೈಸಿ, ನಡುವಿನ ಮನುಷ್ಯ ಇಬ್ಬರಿಗೂ ಕಾಣದೇ ಹೋಗಬಹುದು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತಿದ್ದಾರೆ. ಅವರಲ್ಲಿ ಸುಮಾರು ಐವರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು. ಇವೆಲ್ಲ ರಾತ್ರಿ ಆದ ಸಾವುಗಳಲ್ಲ, ಎಲ್ಲಕ್ಕೂ ಲೈಟೇ ಕಾರಣವೂ ಅಲ್ಲ. ಆದರೆ ನಮ್ಮ ರಸ್ತೆಯಲ್ಲಿ ಯಾರು ಕಣ್ಣಿಗೆ ಬೀಳಲೇಬೇಕು ಎಂಬುದನ್ನು ಈ ಸಂಖ್ಯೆ ಹೇಳುತ್ತದೆ.

ಆಟೋ ಹೈ ಬೀಮ್ ಕೆಲಸ ಮಾಡುವುದು ಹೇಗೆ?

ಒಳಗಿನ ಕನ್ನಡಿಯ ಹಿಂದೆ, ಮುಂದಿನ ಗಾಜಿಗೆ ಅಂಟಿಕೊಂಡಂತೆ ಒಂದು ಚಿಕ್ಕ ಕ್ಯಾಮೆರಾ ಇರುತ್ತದೆ. ಅದು ಕತ್ತಲೆಯಲ್ಲಿ ಬೆಳಕಿನ ಚುಕ್ಕೆಗಳನ್ನು ಹುಡುಕುತ್ತದೆ. ಹತ್ತಿರವಾಗುತ್ತಿರುವ ಬಿಳಿ ಚುಕ್ಕೆಗಳೆಂದರೆ ಎದುರಿನಿಂದ ಬರುವ ವಾಹನ. ಕೆಂಪು ಚುಕ್ಕೆಗಳೆಂದರೆ ಮುಂದೆ ಹೋಗುತ್ತಿರುವ ವಾಹನದ ಹಿಂಬದಿ ಲೈಟು. ಎತ್ತರದಲ್ಲಿ ಸಾಲಾಗಿ ಕಾಣುವವು ಬೀದಿ ದೀಪ. ಈ ಮೂರರಲ್ಲಿ ಯಾವುದು ಕಂಡರೂ ಲೋ ಬೀಮ್, ಏನೂ ಕಾಣದಿದ್ದರೆ ಹೈ ಬೀಮ್.

ಇದು ಚಾಲೂ ಆಗಬೇಕಾದರೆ ಸಾಮಾನ್ಯವಾಗಿ ಲೈಟಿನ ಸ್ವಿಚ್ ಆಟೋದಲ್ಲಿರಬೇಕು, ವೇಗವೂ ಒಂದು ಮಟ್ಟ ದಾಟಿರಬೇಕು. ಬಹಳಷ್ಟು ಕಾರುಗಳಲ್ಲಿ ಆ ಮಟ್ಟ ಗಂಟೆಗೆ 30–40 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ನಿಮ್ಮ ಕಾರಿನದು ಎಷ್ಟು ಎನ್ನುವುದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿದೆ.

ಇದು ಹೊಸ ಆಲೋಚನೆಯೇನಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1952ರಲ್ಲೇ ‘ಆಟ್ರಾನಿಕ್ ಐ’ ಎಂಬ ಸಾಧನವನ್ನು ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೈಲ್ ಕಾರುಗಳ ಡ್ಯಾಶ್‌ಬೋರ್ಡ್ ಮೇಲೆ ಕೂರಿಸಿತ್ತು. ಅದಕ್ಕೆ ಗೊತ್ತಿದ್ದದ್ದು ಬೆಳಕು ಹೆಚ್ಚೋ ಕಡಿಮೆಯೋ ಎನ್ನುವುದಷ್ಟೇ. ಇಂದಿನ ಕ್ಯಾಮೆರಾ ಬಣ್ಣ, ಜಾಗ, ಚಲನೆ ಎಲ್ಲವನ್ನೂ ನೋಡುತ್ತದೆ. ಆದರೂ ಮೂಲ ಮಿತಿ ಹಾಗೇ ಇದೆ: ಅದು ಡಿಪ್ ಮಾಡುವುದು ಲೈಟ್ ಕಂಡಾಗ.

ಹಾಗಾದರೆ ಎಲ್ಲಿ ಎಡವುತ್ತದೆ?

*ಲೈಟ್ ಇಲ್ಲದವರ ಮುಂದೆ.* ಕಬ್ಬಿನ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ರಾತ್ರಿ ಓಡಾಡಿದವರಿಗೆ ಇದು ಗೊತ್ತು. ಎತ್ತಿನ ಗಾಡಿ, ಹಿಂದಿನ ಲೈಟು ಕೆಟ್ಟ ಟ್ರೇಲರ್, ಸೈಕಲ್, ಹೊಲದಿಂದ ಮನೆಗೆ ನಡೆದು ಹೋಗುವವರು. ಕ್ಯಾಮೆರಾಕ್ಕೆ ರಸ್ತೆ ಖಾಲಿ, ಹಾಗಾಗಿ ಹೈ ಬೀಮ್ ಹಾಗೇ ಇರುತ್ತದೆ. ನಿಮಗೆ ಅವರು ಬೇಗ ಕಾಣುತ್ತಾರೆ, ಅದು ಒಳ್ಳೆಯದೇ. ಆದರೆ ಎದುರಿನಿಂದ ಬರುವ ಸೈಕಲ್ ಸವಾರರ ಕಣ್ಣು ಕುಕ್ಕಿ, ಅವರು ರಸ್ತೆಯಂಚಿನ ಚರಂಡಿ ಕಾಣದೆ ಇಳಿದುಬಿಡಬಹುದು. ಅವರನ್ನು ಕಂಡ ಕೂಡಲೇ ಡಿಪ್ ಮಾಡಬೇಕಾದವರು ನೀವು.

*ಡಿವೈಡರ್ ಗಿಡಗಳ ಮರೆಯಲ್ಲಿ.* ನಾಲ್ಕು ಪಥದ ಹೆದ್ದಾರಿಗಳ ನಡುವೆ ಕಣಗಿಲೆ, ಕಾಗದದ ಹೂವಿನ ಗಿಡ ಬೆಳೆಸಿರುತ್ತಾರೆ. ಎದುರಿನ ಲಾರಿಯ ಹೆಡ್‌ಲೈಟ್ ಆ ಗಿಡಗಳ ಹಿಂದೆ ಮರೆಯಾಗಿರುತ್ತದೆ, ಕ್ಯಾಮೆರಾಕ್ಕೆ ಕಾಣುವುದಿಲ್ಲ. ಆದರೆ ಲಾರಿ ಚಾಲಕ ಕುಳಿತಿರುವುದು ಗಿಡಕ್ಕಿಂತ ಎತ್ತರದಲ್ಲಿ. ನಿಮ್ಮ ಹೈ ಬೀಮ್ ನೇರ ಅವರ ಮುಖಕ್ಕೆ.

*ತಿರುವು ಮತ್ತು ಏರಿನಲ್ಲಿ.* ಘಾಟಿಯ ತಿರುವಿನಲ್ಲಿ ಎದುರಿನ ವಾಹನ ಕ್ಯಾಮೆರಾಕ್ಕೆ ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಆದರೆ ತಿರುವಿನಾಚೆ ಬೆಳಕು ಮರಗಳ ಮೇಲೆ, ಬಂಡೆಯ ಮೇಲೆ ಹರಿದಾಡುವುದನ್ನು ನಿಮ್ಮ ಕಣ್ಣು ಅದಕ್ಕೂ ಮೊದಲೇ ಗುರುತಿಸುತ್ತದೆ. ಯಾರೋ ಬರುತ್ತಿದ್ದಾರೆ ಎಂದು ಊಹಿಸಿ ಮೊದಲೇ ಡಿಪ್ ಮಾಡುವುದು ಅನುಭವಿ ಚಾಲಕರ ಅಭ್ಯಾಸ. ಈ ಊಹೆಯಲ್ಲಿ ಕ್ಯಾಮೆರಾ ನಿಮಗಿಂತ ಹಿಂದೆ.

*ಮಂಕಾದ ಹಿಂಬದಿ ಲೈಟಿನ ಹಿಂದೆ.* ಹೆಡ್‌ಲೈಟಿಗೆ ಹೋಲಿಸಿದರೆ ಹಿಂಬದಿ ಲೈಟು ತುಂಬ ಮಂದ, ಧೂಳು ಕೂತಿದ್ದರೆ ಇನ್ನೂ ಮಂದ. ಹಾಗಾಗಿ ಮುಂದೆ ಹೋಗುವ ವಾಹನವನ್ನು ಗುರುತಿಸುವುದು ತಡವಾಗುತ್ತದೆ. ಅಷ್ಟರಲ್ಲಿ ಅವರ ಕನ್ನಡಿಗಳ ತುಂಬ ನಿಮ್ಮದೇ ಬೆಳಕು.

*ಕೊಳೆಯಾದ ಗಾಜು, ಮಳೆ, ಮಂಜು.* ಕ್ಯಾಮೆರಾ ನೋಡುವುದು ಗಾಜಿನ ಮೂಲಕವೇ. ಅಲ್ಲಿ ಹುಳ ಅಂಟಿದ್ದರೆ, ಒಳಗಡೆ ಆವಿ ಕಟ್ಟಿದ್ದರೆ, ವೈಪರ್ ಸವೆದಿದ್ದರೆ ಅದರ ನೋಟವೂ ಮಬ್ಬು.

*ತಿರುಗಿ ಹೊಳೆಯುವ ಫಲಕಗಳಿಂದ.* ದೊಡ್ಡ ದಾರಿಫಲಕ ನಿಮ್ಮದೇ ಬೆಳಕನ್ನು ಹಿಂದಕ್ಕೆ ಕಳಿಸಿದಾಗ ಕಾರು ಅದನ್ನು ವಾಹನ ಎಂದು ತಿಳಿದು ಅನಗತ್ಯವಾಗಿ ಡಿಪ್ ಮಾಡಬಹುದು. ಇದರಿಂದ ಅಪಾಯ ಕಡಿಮೆ, ಕಿರಿಕಿರಿ ಜಾಸ್ತಿ.

ಹಾಗಿದ್ದರೆ ಆಫ್ ಮಾಡಿಬಿಡುವುದೇ ಒಳ್ಳೆಯದಲ್ಲವೇ?

ಹಾಗೇನಿಲ್ಲ. ಈ ತಂತ್ರಜ್ಞಾನ ಜನಪ್ರಿಯವಾದ ದೇಶಗಳ ಸಮಸ್ಯೆ ನಮ್ಮದಕ್ಕೆ ಉಲ್ಟಾ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ ನಡೆಸಿದ ಒಂದು ಅಧ್ಯಯನದಲ್ಲಿ, ರಾತ್ರಿ ಒಂಟಿಯಾಗಿ ಹೋಗುತ್ತಿದ್ದ, ಹೈ ಬೀಮ್ ಹಾಕಲು ಅಡ್ಡಿಯೇ ಇಲ್ಲದ ವಾಹನಗಳಲ್ಲೂ ಅದನ್ನು ಹಾಕಿದ್ದವು ಶೇ. 18 ಮಾತ್ರ. ಅಲ್ಲಿಯವರು ಹೈ ಬೀಮ್ ಹಾಕಲು ಮರೆಯುತ್ತಾರೆ, ಆಟೋ ಅದನ್ನು ನೆನಪಿನಿಂದ ಹಾಕುತ್ತದೆ.

ನಮ್ಮಲ್ಲಿ ಅನೇಕರು ಹಾಕಿದ್ದನ್ನು ಇಳಿಸಲು ಮರೆಯುತ್ತಾರೆ. ಲಾರಿಗಳ ಹಿಂದೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂದು ಬರೆಸುವ ಅಗತ್ಯ ಬಿದ್ದದ್ದೇ ಅದಕ್ಕೆ. ಕಣ್ಣು ಕೋರೈಸುವ ಲೈಟುಗಳ ವಿರುದ್ಧ ಕರ್ನಾಟಕ ಪೊಲೀಸರು 2024ರ ಜುಲೈನಲ್ಲಿ ರಾಜ್ಯದಾದ್ಯಂತ ಪ್ರಕರಣ ದಾಖಲಿಸಲು ಶುರುಮಾಡಿದ್ದೂ ಅದಕ್ಕೇ. ಡಿಪ್ ಮಾಡುವ ಅಭ್ಯಾಸವೇ ಇಲ್ಲದವರ ಕೈಯಲ್ಲಿ ಆಟೋ ಹೈ ಬೀಮ್ ಇದ್ದರೆ ಎದುರಿನವರಿಗೆ ಲಾಭವೇ. ಅಭ್ಯಾಸ ಇರುವವರು ಆಟೋ ನಂಬಿ ಅದನ್ನು ಬಿಟ್ಟರೆ ನಷ್ಟ.

ಆದ್ದರಿಂದ ಜಾಗ ನೋಡಿ ಬಳಸಿ. ವಾಹನ ವಿರಳವಾಗಿರುವ, ನೇರವಾದ, ಕತ್ತಲೆಯ ಹೆದ್ದಾರಿಯಲ್ಲಿ ಆನ್ ಇರಲಿ. ಊರೊಳಗೆ, ಘಾಟಿಯಲ್ಲಿ, ಮಂಜಿನಲ್ಲಿ, ಜೋರು ಮಳೆಯಲ್ಲಿ, ಜಾತ್ರೆ–ಪಾದಯಾತ್ರೆಯ ದಿನಗಳಲ್ಲಿ ಆಫ್ ಮಾಡಿ ಲೋ ಬೀಮ್‌ನಲ್ಲಿ ನಿಧಾನವಾಗಿ ಹೋಗಿ.

ಫಾರ್ವರ್ಡ್‌ಗಳಲ್ಲಿ ಬರುವ ಇನ್ನೂ ಕೆಲವು ಮಾತು

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಹೆಚ್ಚು ದೂರ ಕಾಣುತ್ತದೆಯೇ? ಇಲ್ಲ. ಮಂಜೆಂದರೆ ತೀರಾ ಸಣ್ಣ ನೀರ ಹನಿಗಳು. ನೇರ ಹೋದ ಬೆಳಕು ಅವುಗಳಿಗೆ ತಾಗಿ ಚದುರಿ ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಎದುರಿಗೆ ಬಿಳಿ ಗೋಡೆ ನಿಂತಂತಾಗುತ್ತದೆ. ಚಾರ್ಮಾಡಿ, ಆಗುಂಬೆಯಲ್ಲಿ ಮಂಜು ಕವಿದಾಗ ಲೋ ಬೀಮ್ ಮತ್ತು ಫಾಗ್ ಲೈಟೇ ಸರಿ. ಮಂಜಿನಲ್ಲಿ ಎದುರಿನ ಲೈಟು ಕಾಣದೆ ಆಟೋ ತಾನಾಗಿಯೇ ಹೈ ಬೀಮ್ ಹಾಕಿಬಿಡಬಹುದು, ಎಚ್ಚರ.

ಹಳದಿ ಗಾಜಿನ ‘ನೈಟ್ ಡ್ರೈವಿಂಗ್’ ಕನ್ನಡಕ ಹಾಕಿದರೆ ಕೋರೈಸುವುದಿಲ್ಲವೇ? 2019ರಲ್ಲಿ ‘ಜಾಮಾ ಆಫ್ತಾಲ್ಮಾಲಜಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಎದುರಿನ ಲೈಟು ಕಣ್ಣಿಗೆ ಬೀಳುವಾಗ ಪಾದಚಾರಿಗಳನ್ನು ಗುರುತಿಸಲು ಈ ಕನ್ನಡಕದಿಂದ ಸಹಾಯವಾಗಲಿಲ್ಲ. ಕಣ್ಣಿಗೆ ಹಿತ ಎನಿಸಬಹುದು, ಆದರೆ ಹಳದಿ ಗಾಜು ಒಳಬರುವ ಬೆಳಕನ್ನು ಸ್ವಲ್ಪ ತಡೆಯುತ್ತದೆ. ರಾತ್ರಿ ಬೇಕಾಗುವುದು ಅದಕ್ಕೆ ಉಲ್ಟಾ.

ಎದುರಿನವರು ಡಿಪ್ ಮಾಡದಿದ್ದರೆ ನಾವೂ ಹೈ ಬೀಮ್ ಹಾಕಬೇಕೇ? ಒಮ್ಮೆ ಮಿನುಗಿಸಿ ನೆನಪಿಸಬಹುದು. ಸೇಡಿಗಾಗಿ ಹಾಕಿಕೊಂಡೇ ಹೋದರೆ, ನಿಮ್ಮತ್ತ ವೇಗವಾಗಿ ಬರುತ್ತಿರುವವರನ್ನು ನೀವೇ ಕುರುಡು ಮಾಡಿದಂತೆ.

ಲೋ ಬೀಮ್ ಹಾಕಿದ್ದರೆ ಯಾರಿಗೂ ತೊಂದರೆ ಇಲ್ಲವೇ? ಎರಡು ಸಂದರ್ಭದಲ್ಲಿ ಇದೆ. ಹ್ಯಾಲೊಜೆನ್ ಬಲ್ಬಿಗಾಗಿ ಮಾಡಿದ ಹೆಡ್‌ಲೈಟಿಗೆ ಅಂಗಡಿಯಲ್ಲಿ ಎಲ್‌ಇಡಿ ಬಲ್ಬ್ ಹಾಕಿಸಿದರೆ ಬೆಳಕು ಹೊರಡುವ ಜಾಗ ಬದಲಾಗಿ, ಅಡ್ಡಾದಿಡ್ಡಿ ಚದುರುತ್ತದೆ. ಆಗ ಲೋ ಬೀಮ್ ಕೂಡ ಎದುರಿನವರ ಕಣ್ಣಿಗೆ ಚುಚ್ಚುತ್ತದೆ. ಇನ್ನೊಂದು, ಐದು ಜನ, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಧರ್ಮಸ್ಥಳಕ್ಕೋ ಊರಿಗೋ ಹೊರಟಾಗ. ಕಾರಿನ ಹಿಂಭಾಗ ತಗ್ಗಿ ಮೂತಿ ಮೇಲೇಳುತ್ತದೆ, ಲೈಟೂ ಮೇಲೇಳುತ್ತದೆ. ಸ್ಟೇರಿಂಗ್ ಹತ್ತಿರ 0ಯಿಂದ 3ರವರೆಗೆ ಅಂಕಿ ಇರುವ ಪುಟ್ಟ ಚಕ್ರ ಇದ್ದರೆ ಅದು ಇದಕ್ಕೇ. ಅಂಕಿ ಹೆಚ್ಚಿದಷ್ಟೂ ಬೆಳಕು ಕೆಳಗಿಳಿಯುತ್ತದೆ.

ರಾತ್ರಿ ಹೊರಡುವ ಮುನ್ನ

1. ಮುಂದಿನ ಗಾಜನ್ನು ಹೊರಗೂ ಒಳಗೂ ಒರೆಸಿ, ಕ್ಯಾಮೆರಾ ಇರುವ ಜಾಗ ಬಿಡಬೇಡಿ. ಹೆಡ್‌ಲೈಟಿನ ಗಾಜನ್ನೂ ಒರೆಸಿ.
2. ಮೀಟರ್ ಬೋರ್ಡಿನಲ್ಲಿ ‘ಎ’ ಇದೆಯೇ, ಬರೀ ನೀಲಿ ಚಿಹ್ನೆಯೇ ನೋಡಿ.
3. ಸ್ಟೇರಿಂಗ್ ಪಕ್ಕದ ಲಿವರ್‌ನಿಂದ ಆಟೋವನ್ನು ಮೀರಿ ಡಿಪ್ ಮಾಡುವುದು ಹೇಗೆಂದು ಹಗಲಲ್ಲೇ ನಿಂತಲ್ಲಿ ಅಭ್ಯಾಸ ಮಾಡಿ. ಎಲ್ಲ ಕಾರಿನಲ್ಲೂ ಒಂದೇ ರೀತಿ ಇರುವುದಿಲ್ಲ.
4. ಎದುರಿನ ಲೈಟು ಕಣ್ಣು ಕುಕ್ಕಿದರೆ ಅದನ್ನೇ ದಿಟ್ಟಿಸಬೇಡಿ. ವೇಗ ಇಳಿಸಿ, ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡುತ್ತ ಸಾಗಿ.
5. ಹಿಂದಿನಿಂದ ಹೈ ಬೀಮ್ ಬಿದ್ದರೆ ಒಳಗಿನ ಕನ್ನಡಿಯ ಕೆಳಗಿರುವ ಪುಟ್ಟ ಕಡ್ಡಿಯನ್ನು ಮಡಚಿ, ಬಿಂಬ ಮಂದವಾಗುತ್ತದೆ.
6. ನಿಮ್ಮ ಸೈಕಲ್, ಎತ್ತಿನ ಗಾಡಿ, ಟ್ರೇಲರ್‌ಗೆ ಹಿಂದೆ ಮುಂದೆ ರೇಡಿಯಂ ಸ್ಟಿಕ್ಕರ್ ಅಂಟಿಸಿ. ಹೆಸರು ರೇಡಿಯಂ ಆದರೂ ಅದರಲ್ಲಿ ರೇಡಿಯಂ ಇಲ್ಲ, ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುವ ಹಾಳೆ ಅಷ್ಟೇ. ಕ್ಯಾಮೆರಾ ಗುರುತಿಸುತ್ತದೋ ಇಲ್ಲವೋ, ಚಾಲಕರಿಗಂತೂ ದೂರದಿಂದಲೇ ಕಾಣುತ್ತದೆ.

ಕೊನೆಗೆ

ಆಟೋ ಹೈ ಬೀಮ್ ಇದ್ದರೆ ಚಿಂತೆ ಬೇಡ ಎಂಬ ಸಂದೇಶ ನಿಮಗೂ ಬಂದಿದ್ದರೆ, ಕಳಿಸಿದವರಿಗೆ ಒಂದೇ ಸಾಲಿನ ಉತ್ತರ ಸಾಕು: ಅದು ಡಿಪ್ ಮಾಡುವುದು ಲೈಟ್ ಇರುವವರಿಗೆ, ಲೈಟ್ ಇಲ್ಲದೆ ನಡೆದು ಬರುವವರಿಗೆ ಡಿಪ್ ಮಾಡಬೇಕಾದವರು ನಾವು. ರಾತ್ರಿ ಗಾಡಿ ಓಡಿಸುವವರು ಮನೆಯಲ್ಲಿದ್ದರೆ ಅವರಿಗೂ ಇದನ್ನು ಓದಿ ಹೇಳಿ. ಗಾಡಿ ಓಡಿಸುವಾಗ ಮಾತ್ರ ಫೋನ್ ತೆಗೆಯಬೇಡಿ.